ಹುಚ್ಚು ಓಪನಿಂಗ್‌ಗಳು: ಚೆಸ್‌ನಲ್ಲಿ ರಿಸ್ಕ್ ತೆಗೆದುಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಆಫೀಸಿನಲ್ಲಿ ನಾವು ನಾಲ್ಕೈದು ಜನ ಚೆಸ್ ಆಡುತ್ತೇವೆ. ಎಲ್ಲರೂ ಸಾಧಾರಣ ಆಟಗಾರರೇ. ಅವರಲ್ಲಿ ನನಗೆ ಮಾತ್ರ ‘ಹುಚ್ಚು ಓಪನಿಂಗ್ ಆಡುವವನು’ ಅಂತ ಹೆಸರು ಬಿದ್ದಿದೆ. ಓಪನಿಂಗ್ ಅಂದರೆ ಆಟದ ಮೊದಲ ಕೆಲವು ನಡೆಗಳು. ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಓದುವ ಮೊದಲು ಎರಡು ಮಾತು. ಆನೆ ಮೂಲೆಯದು, ಅದರ ಪಕ್ಕ ಕುದುರೆ, ಆಮೇಲೆ ಒಂಟೆ, ನಡುವೆ ರಾಜ ಮತ್ತು ರಾಣಿ, ಮುಂದಿನ ಸಾಲು ಕಾಲಾಳು. ಕೆಲವರ ಮನೆಯಲ್ಲಿ ರಾಣಿಗೆ ಮಂತ್ರಿ ಅನ್ನುತ್ತಾರೆ, ಅದೂ ಸರಿಯೇ. ಮನೆಗಳ ಹೆಸರು ಬೋರ್ಡಿನ ಮೇಲೆ ಅಚ್ಚಾಗಿರುವ ಹಾಗೆಯೇ, ಎ ಇಂದ ಎಚ್ ತನಕ, 1ರಿಂದ 8ರ ತನಕ. ಬರೀ ಮನೆಯ ಹೆಸರು ಹೇಳಿದರೆ ಕಾಲಾಳು ಆ ಮನೆಗೆ ಹೋಯಿತು ಅಂತ ಅರ್ಥ, ಮೊದಲ ನಡೆ ಬಿಳಿಯದು.

ಹುಚ್ಚು ಓಪನಿಂಗ್ ಅಂತ ಯಾವುದನ್ನು ಕರೆಯುತ್ತೀರಿ?

ಚೆಸ್ ಕಲಿಸುವವರು ಯಾರೇ ಇರಲಿ, ಮೊದಲ ದಿನ ಮೂರು ಮಾತು ಹೇಳುತ್ತಾರೆ. ನಡುವಿನ ಮನೆಗಳನ್ನು ಹಿಡಿ. ಕುದುರೆ, ಒಂಟೆ ಬೇಗ ಹೊರಗೆ ತೆಗಿ. ಕ್ಯಾಸ್ಲಿಂಗ್ ಮಾಡಿ, ಅಂದರೆ ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸಿ, ರಾಜನನ್ನು ಮೂಲೆಗೆ ಸೇರಿಸು. ಈ ಮೂರರಲ್ಲಿ ಒಂದನ್ನಾದರೂ ಬೇಕಂತಲೇ ಮುರಿಯುವ ಆರಂಭವನ್ನು ನಾನು ಹುಚ್ಚು ಅನ್ನುತ್ತೇನೆ.

ಗ್ರಾಬ್ ನೋಡಿ. ಮೊದಲ ನಡೆಯೇ ಜಿ4. ರಾಜ ಹೋಗಿ ಕೂರಬೇಕಾದ ಕೋಣೆಯ ಬಾಗಿಲನ್ನು ಮೊದಲೇ ಕಿತ್ತಿಟ್ಟ ಹಾಗೆ. ಲಾಟ್ವಿಯನ್ ಗ್ಯಾಂಬಿಟ್‌ನಲ್ಲಿ ಇ4, ಇ5, ಕುದುರೆ ಎಫ್3 ಆದ ಮೇಲೆ ಕಪ್ಪಿನವರು ತಮ್ಮ ಕಾಲಾಳನ್ನು ರಕ್ಷಿಸುವುದು ಬಿಟ್ಟು ಎಫ್5 ತಳ್ಳುತ್ತಾರೆ. ಹ್ಯಾಲೋವೀನ್ ಗ್ಯಾಂಬಿಟ್ ಇನ್ನೂ ಜೋರು. ನಾಲ್ಕೂ ಕುದುರೆ ಹೊರಗೆ ಬಂದ ಕೂಡಲೇ ಬಿಳಿ ತನ್ನದೊಂದು ಇಡೀ ಕುದುರೆಯನ್ನು ಇ5ರ ಒಂದು ಕಾಲಾಳಿಗೆ ಕೊಟ್ಟುಬಿಡುತ್ತದೆ.

ಬರೀ ವಿಚಿತ್ರ, ಆದರೆ ಅಂಥ ಅಪಾಯ ಇಲ್ಲದವೂ ಇವೆ. ಮೊದಲ ನಡೆ ಬಿ4 ಅಂಥದ್ದು. ಅದಕ್ಕೆ ಒರಾಂಗುಟಾನ್ ಅಂತ ಹೆಸರು. 1924ರ ನ್ಯೂಯಾರ್ಕ್ ಟೂರ್ನಿಯ ಬಿಡುವಿನಲ್ಲಿ ಟಾರ್ಟಕೋವರ್ ಅನ್ನುವ ಆಟಗಾರ ಅಲ್ಲಿನ ಮೃಗಾಲಯಕ್ಕೆ ಹೋಗಿದ್ದರು. ಸುಸಾನ್ ಅನ್ನೋ ಒರಾಂಗುಟಾನ್ ನೋಡಿ ಬಂದು, ಮರೋಜಿ ಎದುರು ಬಿ4 ಆಡಿದರು. ಹೆಸರು ಅಲ್ಲಿಂದ ಬಂತು.

ಗ್ಯಾಂಬಿಟ್ ಅಂದ್ರೆ ಕಾಲಾಳನ್ನು ಸುಮ್ನೆ ಬಿಟ್ಟುಕೊಡೋದಾ?

ಸುಮ್ನೆ ಅಲ್ಲ, ಸಾಲಕ್ಕೆ. ಕಾಲಾಳು ಕೊಟ್ಟು ಸಮಯ ತೆಗೆದುಕೊಳ್ಳುತ್ತೀರಿ. ಎದುರಿನವರು ಅದನ್ನು ಹೊಡೆಯುವುದರಲ್ಲಿ, ಉಳಿಸಿಕೊಳ್ಳುವುದರಲ್ಲಿ ಎರಡು ಮೂರು ನಡೆ ಕಳೆಯುತ್ತಾರೆ. ಅಷ್ಟರಲ್ಲಿ ನಿಮ್ಮ ಕುದುರೆ, ಒಂಟೆ ಹೊರಗೆ ಬಂದು ನಿಂತಿರಬೇಕು. ಹದಿನೈದನೇ ನಡೆ ಹೊತ್ತಿಗೂ ದಾಳಿ ಶುರುವಾಗಿಲ್ಲ ಅಂದರೆ ನೀವು ಕೊಟ್ಟ ಸಾಲ ಮುಳುಗಿತು ಅಂತಲೇ ಲೆಕ್ಕ.

ಪದ ಬಂದಿದ್ದು ಇಟಾಲಿಯನ್‌ನ ‘ಗಾಂಬೆಟ್ಟೊ’ದಿಂದ, ಕುಸ್ತಿಯಲ್ಲಿ ಕಾಲು ಕೊಟ್ಟು ಬೀಳಿಸುವುದು ಅಂತ ಅರ್ಥ. ನಮ್ಮ ‘ಅಡ್ಡಗಾಲು’ ಇದ್ದಂಗೇ ಅಲ್ವಾ?

ಕಂಪ್ಯೂಟರ್ ತಪ್ಪು ಅಂತ ಹೇಳುವ ಓಪನಿಂಗನ್ನು ಯಾಕೆ ಆಡಬೇಕು?

ನಿಮ್ಮ ಎದುರು ಕೂತಿರುವುದು ಸ್ಟಾಕ್‌ಫಿಶ್ ಅನ್ನುವ ಚೆಸ್ ಪ್ರೋಗ್ರಾಂ ಅಲ್ಲ, ಅಕೌಂಟ್ಸ್ ಸೆಕ್ಷನ್‌ನ ಗೆಳೆಯ. ಸ್ಟಾಕ್‌ಫಿಶ್ ಒಂದು ಕಾಲಾಳಿನಷ್ಟು ಹಿಂದೆ ಅಂತ ತೋರಿಸುವ ಜಾಗದಲ್ಲಿ ಆ ಗೆಳೆಯ ಸರಿಯಾದ ಐದು ನಡೆಗಳನ್ನು ಸಾಲಾಗಿ ಹುಡುಕಬೇಕು. ನಾಲ್ಕನ್ನು ಹುಡುಕಿ ಐದನೆಯದರಲ್ಲಿ ಎಡವಿದರೂ ಆಟ ನಿಮ್ಮದು.

ಆದರೆ ನನಗೆ ಅದಕ್ಕಿಂತ ದೊಡ್ಡ ಕಾರಣ ಬೇರೆ. ಗುರುತಿಲ್ಲದ ಜಾಗಕ್ಕೆ ಹೋದಾಗ ನಾನೇ ಯೋಚನೆ ಮಾಡಬೇಕಾಗುತ್ತದೆ. ದಿನಾ ಅದೇ ಇಟಾಲಿಯನ್, ಅದೇ ಲಂಡನ್ ಸಿಸ್ಟಮ್ ಅನ್ನುವ ಮಾಮೂಲಿ ಓಪನಿಂಗ್ ಆಡುತ್ತಿದ್ದಾಗ ಹತ್ತನೇ ನಡೆ ತನಕ ಕೈ ತಾನಾಗಿ ಓಡುತ್ತಿತ್ತು, ತಲೆ ಹನ್ನೊಂದನೇ ನಡೆಗೆ ಎದ್ದು ಕೂರುತ್ತಿತ್ತು. ರಾಜ ಬಯಲಲ್ಲಿ ನಿಂತಿದ್ದರೆ ಮೂರನೇ ನಡೆಗೇ ನಿದ್ದೆ ಬಿಡುತ್ತದೆ.

ಮೊದಲು ಯಾವುದರಿಂದ ಶುರು ಮಾಡಲಿ?

ಕಿಂಗ್ಸ್ ಗ್ಯಾಂಬಿಟ್. ಬೇರೆ ಮಾತೇ ಇಲ್ಲ. ಇ4, ಇ5, ಆಮೇಲೆ ಎಫ್4. ಕಪ್ಪು ಆ ಎಫ್ ಕಾಲಾಳನ್ನು ಹೊಡೆದರೆ ನಡುವೆ ನಿಮಗೆ ಜಾಗ ಸಿಗುತ್ತದೆ, ಮುಂದೆ ಕ್ಯಾಸ್ಲಿಂಗ್ ಆದರೆ ಆನೆಗೆ ಎಫ್ ಸಾಲು ತೆರೆಯುತ್ತದೆ. ಬದಲಿಗೆ ನಿಮ್ಮ ರಾಜನ ಮುಂದೆ ತೂತು. ಕೂಡಲೇ ಕುದುರೆಯನ್ನು ಎಫ್3ಗೆ ತನ್ನಿ. ಇಲ್ಲದಿದ್ದರೆ ಕಪ್ಪು ರಾಣಿ ಎಚ್4ಗೆ ಬಂದು ಚೆಕ್ ಕೊಡುತ್ತದೆ.

ಹಾಗಂತ ಆ ಚೆಕ್ ಬಂದರೆ ಕಥೆ ಮುಗಿಯಿತು ಅಂತಲ್ಲ. 1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಮತ್ತು ಕೀಸೆರಿಟ್ಸ್ಕಿ ಆಡಿದ ಆಟದಲ್ಲಿ ಮೂರನೇ ನಡೆಗೇ ಆ ಚೆಕ್ ಬಂತು, ಆಂಡರ್ಸನ್ ರಾಜ ಎಫ್1ಗೆ ಜರುಗಿದ. ಆಮೇಲೆ ಆಂಡರ್ಸನ್ ಒಂದು ಒಂಟೆ, ಎರಡೂ ಆನೆ, ಕೊನೆಗೆ ರಾಣಿಯನ್ನೂ ಕೊಟ್ಟು, ಉಳಿದ ಸಣ್ಣ ಕಾಯಿಗಳಲ್ಲೇ ಮೇಟ್ ಮಾಡಿದರು. ‘ಇಮ್ಮಾರ್ಟಲ್ ಗೇಮ್’ ಅಂತ ಇವತ್ತಿಗೂ ಕರೆಯುವುದು ಅದನ್ನೇ. ನನಗೆ ಇಷ್ಟವಾಗುವ ವಿಷಯ ಏನಂದ್ರೆ, ಅದು ಟೂರ್ನಿ ಆಟ ಆಗಿರಲಿಲ್ಲ. ಬಿಡುವಿನಲ್ಲಿ ಸುಮ್ನೆ ಕೂತು ಆಡಿದ್ದು.

ಇನ್ನೊಂದು ಕಥೆ ಕೇಳಿ. 1960ರಲ್ಲಿ ಮಾರ್ ದೆಲ್ ಪ್ಲಾತಾದಲ್ಲಿ ಸ್ಪಾಸ್ಕಿ ಇದೇ ಕಿಂಗ್ಸ್ ಗ್ಯಾಂಬಿಟ್ ಆಡಿ ಬಾಬಿ ಫಿಶರ್‌ನನ್ನು ಸೋಲಿಸಿದರು. ಹುಡುಗನಿಗೆ ಉರಿ ಹತ್ತಿತು. 1961ರಲ್ಲಿ ಈ ಓಪನಿಂಗ್ ಕಥೆ ಮುಗಿಯಿತು ಅಂತ ಲೇಖನವನ್ನೇ ಬರೆದ. ಮೂರನೇ ನಡೆಗೆ ಡಿ6 ಆಡಿದರೆ ಸಾಕು ಅನ್ನುವುದು ಅವನ ವಾದ. ಅದಾಗಿ ಎರಡೇ ವರ್ಷಕ್ಕೆ, ಹನ್ನೊಂದಕ್ಕೆ ಹನ್ನೊಂದೂ ಗೆದ್ದ ಅಮೆರಿಕನ್ ಚಾಂಪಿಯನ್‌ಶಿಪ್‌ನಲ್ಲಿ, ಲ್ಯಾರಿ ಇವಾನ್ಸ್ ಎದುರು ಬಿಳಿ ಕಾಯಿ ಹಿಡಿದು ತಾನೇ ಕಿಂಗ್ಸ್ ಗ್ಯಾಂಬಿಟ್ ಆಡಿ ಗೆದ್ದ!

ಎಂಟು ನಡೆಯಲ್ಲಿ ಮೇಟ್ ಆಗುವ ಇಂಗ್ಲಂಡ್ ಗ್ಯಾಂಬಿಟ್ ವಿಡಿಯೋ ನೋಡಿದೆ. ಅದನ್ನು ಆಡಲಾ?

ಒಂದು ಸಲ ಆಡಿ, ಅನುಭವಕ್ಕೆ. ದೇಶದ ಹೆಸರಲ್ಲ ಇದು, ಸ್ವೀಡನ್ನಿನ ಫ್ರಿಟ್ಜ್ ಇಂಗ್ಲಂಡ್ ಅವರ ಹೆಸರು. ಬಿಳಿ ಡಿ4 ಅಂದರೆ ಕಪ್ಪು ಇ5. ಬಿಳಿ ಹೊಡೆಯುತ್ತದೆ. ಕಪ್ಪು ಕುದುರೆ ಸಿ6, ಬಿಳಿ ಕುದುರೆ ಎಫ್3, ಕಪ್ಪು ರಾಣಿ ಇ7. ಬಿಳಿ ಇ5ರ ಕಾಲಾಳು ಉಳಿಸಲು ಒಂಟೆಯನ್ನು ಎಫ್4ಗೆ ತರುತ್ತದೆ. ರಾಣಿ ಬಿ4ಗೆ ಬಂದು ಚೆಕ್. ಒಂಟೆ ಡಿ2ಗೆ ಅಡ್ಡ ಬರುತ್ತದೆ. ರಾಣಿ ಬಿ2 ಕಾಲಾಳು ಹೊಡೆದು ಮೂಲೆಯ ಆನೆಯ ಮೇಲೆ ಕಣ್ಣು ಹಾಕುತ್ತದೆ.

ಈಗ ಬಿಳಿಯವರಿಗೆ ಒಂಟೆಯನ್ನು ಸಿ3ಗೆ ಇಡೋಣ ಅನಿಸುತ್ತದೆ. ನೋಡಿದರೆ ಎಷ್ಟು ಚೆಂದ! ಆನೆಗೆ ರಕ್ಷಣೆ, ರಾಣಿಯ ಮೇಲೆ ದಾಳಿ, ಎರಡೂ ಒಂದೇ ನಡೆಯಲ್ಲಿ. ಅಲ್ಲೇ ಬೋನು. ಕಪ್ಪು ಒಂಟೆ ಬಿ4ಗೆ ಬರುತ್ತದೆ, ಸಿ3ರ ಒಂಟೆ ರಾಜನ ಮುಂದೆ ಸಿಕ್ಕಿಕೊಂಡು ಕಪ್ಪು ರಾಣಿಯನ್ನು ಹೊಡೆಯುವಂತಿಲ್ಲ. ಬಿಳಿ ರಾಣಿ ಡಿ2, ಕಪ್ಪು ಒಂಟೆ ಸಿ3ರಲ್ಲಿ ಹೊಡೆಯುತ್ತದೆ, ರಾಣಿ ತಿರುಗಿ ಹೊಡೆದರೆ ಕಪ್ಪು ರಾಣಿ ಸಿ1ಕ್ಕೆ ಇಳಿದು ಮೇಟ್.

ಇದನ್ನು ಕಲಿತ ವಾರ ನಾನು ಮೂರು ಜನರನ್ನು ಹೀಗೆ ಕೆಡವಿ ಬೀಗುತ್ತಿದ್ದೆ. ಭಾನುವಾರ ನಮ್ಮ ಬಡಾವಣೆಯ ಪಾರ್ಕಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಎದುರು ಆಡಿದೆ. ಅವರು ಒಂಟೆ ಮುಟ್ಟಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಕುದುರೆಯನ್ನು ಸಿ3ಗೆ ಇಟ್ಟರು. ನನ್ನ ಒಂಟೆ ಬಿ4ಗೆ. ಅವರ ಆನೆ ಬಿ1ಕ್ಕೆ ಬಂತು, ನನ್ನ ರಾಣಿ ಎ3ಗೆ ಓಡಿತು. ಆನೆ ಬಿ3ಗೆ ಬಂತು, ರಾಣಿ ಎ5ಗೆ ಓಡಿತು.

“ಏನಪ್ಪಾ, ರಾಣೀನ ಊರೆಲ್ಲ ಸುತ್ತಿಸ್ತಿದೀಯ. ಮನೇಲಿ ಬೇರೆ ಯಾರೂ ಇಲ್ವಾ?” ಅಂದರು.

ಬೋರ್ಡ್ ನೋಡಿದೆ. ಅವರ ಅರ್ಧ ಸೈನ್ಯ ಹೊರಗಿತ್ತು. ನನ್ನದು ಒಂದು ಕುದುರೆ, ಒಂದು ಒಂಟೆ, ಉಸಿರು ಬಿಡುತ್ತಿರುವ ರಾಣಿ. ಇಪ್ಪತ್ತನೇ ನಡೆಗೆ “ಸಾಕು ಸಾರ್” ಅಂತ ಕೈ ಕೊಟ್ಟೆ.

ಹಾಗಾದ್ರೆ ಒಳ್ಳೇ ಹುಚ್ಚು, ಕೆಟ್ಟ ಹುಚ್ಚು ಅಂತ ಹೇಗೆ ಗುರುತಿಸೋದು?

ಮೇಷ್ಟ್ರ ಎದುರು ಸೋತ ಮೇಲೆ ನಾನು ಒಂದೇ ಒಂದು ಪರೀಕ್ಷೆ ಇಟ್ಟುಕೊಂಡೆ. ಎದುರಿನವರಿಗೆ ಬೋನು ಗೊತ್ತಿದೆ ಅಂತ ಇಟ್ಟುಕೊಳ್ಳಿ. ಆಮೇಲೂ ನನಗೆ ಆಡಲು ಆಟ ಉಳಿಯುತ್ತಾ? ಉಳಿಯುತ್ತೆ ಅಂದರೆ ಅದು ಓಪನಿಂಗ್. ಇಲ್ಲ ಅಂದರೆ ಬರೀ ಬೋನು, ಒಬ್ಬರ ಮೇಲೆ ಒಂದೇ ಸಲ ನಡೆಯುತ್ತದೆ.

ಪಾಸಾಗುವುದಕ್ಕೆ ಉದಾಹರಣೆ ಆಲ್ಬಿನ್ ಕೌಂಟರ್ ಗ್ಯಾಂಬಿಟ್. ಡಿ4, ಡಿ5, ಸಿ4, ಇ5. ಬಿಳಿ ಇ5 ಹೊಡೆದರೆ ಕಪ್ಪು ಕಾಲಾಳು ಡಿ4ಗೆ ನುಗ್ಗುತ್ತದೆ. ಇಲ್ಲಿ ಬಿಳಿಯವರು ಇ3 ಆಡಿ ಆ ಕಾಲಾಳನ್ನು ಎಬ್ಬಿಸಲು ಹೋದರೆ ಚೆಸ್‌ನ ಅತಿ ಚೆಂದದ ಬೋನು ಕಾದಿದೆ. ಒಂಟೆ ಬಿ4 ಚೆಕ್, ಬಿಳಿ ಒಂಟೆ ಡಿ2, ಕಪ್ಪು ಕಾಲಾಳು ಇ3ರಲ್ಲಿ ಹೊಡೆಯುತ್ತದೆ. ಬಿಳಿ ಆಸೆಪಟ್ಟು ಬಿ4ರ ಒಂಟೆ ತಿಂದರೆ, ಕಾಲಾಳು ಎಫ್2 ಹೊಡೆದು ಚೆಕ್. ರಾಜ ಅದನ್ನು ತಿನ್ನುವಂತಿಲ್ಲ, ತಿಂದರೆ ರಾಣಿ ಹೋಯಿತು. ಇ2ಗೆ ಬರುತ್ತಾನೆ. ಈಗ ಕಾಲಾಳು ಜಿ1ರ ಕುದುರೆಯನ್ನು ಹೊಡೆದು ಕೊನೆಯ ಸಾಲು ಮುಟ್ಟುತ್ತದೆ. ರಾಣಿ ಮಾಡಿದಿರೋ ಕೆಟ್ಟಿರಿ. ಕುದುರೆ ಮಾಡಬೇಕು! ಕುದುರೆಯಾದರೆ ಚೆಕ್ ಆಗುತ್ತದೆ, ಆನೆ ಅದನ್ನು ತಿಂದರೆ ಒಂಟೆ ಜಿ4ಗೆ ಬಂದು ರಾಜ, ರಾಣಿ ಇಬ್ಬರನ್ನೂ ಒಂದೇ ಗೆರೆಯಲ್ಲಿ ಹಿಡಿಯುತ್ತದೆ. ಏಳನೇ ನಡೆಗೆ ಕಾಲಾಳು ಕುದುರೆಯಾಗುವುದನ್ನು ಎದುರಿಗೆ ನೋಡಿದವರು ಮರೆಯುವುದಿಲ್ಲ. ಲಾಸ್ಕರ್ ಟ್ರ್ಯಾಪ್ ಅಂತ ಇದರ ಹೆಸರು.

ಸರಿ, ಬಿಳಿಯವರಿಗೆ ಇದು ಗೊತ್ತು, ಇ3 ಬದಲು ಕುದುರೆ ಎಫ್3 ಆಡಿದರು. ಆಗಲೂ ಡಿ4ರ ಕಾಲಾಳು ಅವರ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿರುತ್ತದೆ. ಒಂದು ಕಾಲಾಳು ಕಮ್ಮಿ, ಆದರೆ ಆಟ ಇದೆ. ಮೊರೊಜೆವಿಚ್‌ನಂಥ ಗ್ರ್ಯಾಂಡ್‌ಮಾಸ್ಟರ್ ಕೂಡ ಇದನ್ನು ಆಡಿದ್ದಾರೆ.

ಸ್ಟಾಫರ್ಡ್ ಗ್ಯಾಂಬಿಟ್ ಈ ಪರೀಕ್ಷೆಯಲ್ಲಿ ಪಾಸಾ, ಫೇಲಾ?

ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡಬೇಕು. ಎರಿಕ್ ರೋಸೆನ್ ಅವರ ವಿಡಿಯೋಗಳಿಂದ ಜನಪ್ರಿಯವಾದದ್ದು ಇದು. ಇ4, ಇ5, ಎರಡೂ ಕಡೆ ರಾಜನ ಕಡೆಯ ಕುದುರೆ ಹೊರಗೆ. ಬಿಳಿ ಕುದುರೆ ಇ5 ಹೊಡೆಯುತ್ತದೆ, ಕಪ್ಪು ಇನ್ನೊಂದು ಕುದುರೆಯನ್ನು ಸಿ6ಗೆ ತಂದು ‘ತಗೋ’ ಅನ್ನುತ್ತದೆ. ಕುದುರೆಗೆ ಕುದುರೆ, ಕಪ್ಪು ಡಿ ಕಾಲಾಳಿನಿಂದ ತಿರುಗಿ ಹೊಡೆಯುತ್ತದೆ. ಒಂದು ಕಾಲಾಳು ಕಮ್ಮಿ, ಎರಡೂ ಒಂಟೆಗೆ ದಾರಿ ಬಯಲು.

ಬಿಳಿ ಡಿ3, ಕಪ್ಪು ಒಂಟೆ ಸಿ5. ಬಿಳಿ ಅಭ್ಯಾಸಬಲದಿಂದ ಒಂಟೆಯನ್ನು ಜಿ5ಗೆ ತಂದು ಕುದುರೆಯನ್ನು ಕಟ್ಟಿಹಾಕಿದರೆ, ಕಟ್ಟಿದ ಕುದುರೆಯೇ ಹಾರಿ ಇ4 ಹೊಡೆಯುತ್ತದೆ. ಬಿಳಿ ಒಂಟೆ ಕಪ್ಪು ರಾಣಿಯನ್ನು ತಿನ್ನುತ್ತದೆ. ಒಂಟೆ ಎಫ್2ರಲ್ಲಿ ಚೆಕ್, ರಾಜ ಇ2, ಇನ್ನೊಂದು ಒಂಟೆ ಜಿ4ಗೆ, ಮೇಟ್. ಬಿಳಿ ಆ ಆಸೆ ಬಿಟ್ಟು ಒಂಟೆ ಇ2, ಸಿ3 ಅಂತ ನಿಧಾನ ಆಡಿದರೆ ಕಪ್ಪಿಗೆ ಕಷ್ಟ. ಮೂರು ನಿಮಿಷದ ಆಟಕ್ಕೆ ಪರವಾಗಿಲ್ಲ.

ದೊಡ್ಡ ಆಟಗಾರರು ಇಂಥದ್ದನ್ನೆಲ್ಲ ಆಡ್ತಾರಾ?

ಆಡಿದ್ದಾರೆ. 1980ರಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ ನಡೆದ ಯುರೋಪಿಯನ್ ತಂಡ ಚಾಂಪಿಯನ್‌ಶಿಪ್‌ನಲ್ಲಿ ವಿಶ್ವ ಚಾಂಪಿಯನ್ ಕಾರ್ಪೋವ್ ಇ4 ಆಡಿದರು. ಇಂಗ್ಲೆಂಡಿನ ಟೋನಿ ಮೈಲ್ಸ್ ಉತ್ತರ ಎ6. ಮುಂದಿನದು ಬಿ5. ಮಕ್ಕಳು ಮೂಲೆಯ ಕಾಲಾಳು ತಳ್ಳಿದ ಹಾಗೆ. ಮೈಲ್ಸ್ ಗೆದ್ದರು.

ಯಾವಾಗಲೂ ಹಾಗೇ ಆಗುವುದಿಲ್ಲ. 2005ರಲ್ಲಿ ನಕಾಮುರಾ ನಮ್ಮ ಚೆನ್ನೈನ ಕೃಷ್ಣನ್ ಶಶಿಕಿರಣ್ ಎದುರು ಎರಡನೇ ನಡೆಗೇ ರಾಣಿಯನ್ನು ಎಚ್5ಗೆ ತಂದರು. ಹೌದು, ನಾಲ್ಕು ನಡೆಯಲ್ಲಿ ಮೇಟ್ ಮಾಡೋಣ ಅಂತ ಹೊಸಬರು ತರುವ ಅದೇ ರಾಣಿ. ಶಶಿಕಿರಣ್ ಗೆದ್ದರು.

ಇನ್ನು ಬಾಂಗ್‌ಕ್ಲೌಡ್, ಅಂದರೆ ಎರಡನೇ ನಡೆಗೇ ರಾಜ ಇ2ಗೆ ನಡೆದು ಬರುವುದು. ಅದು ಇಂಟರ್ನೆಟ್‌ನ ತಮಾಷೆ. 2021ರ ಮಾರ್ಚ್ 15ರಂದು ಆನ್‌ಲೈನ್ ಟೂರ್ನಿಯಲ್ಲಿ ಕಾರ್ಲ್‌ಸನ್ ಆ ನಡೆ ಆಡಿದರು, ನಕಾಮುರಾ ತಮ್ಮ ರಾಜನನ್ನೂ ಇ7ಕ್ಕೆ ತಂದರು. ಆರು ನಡೆಗೆ ಡ್ರಾ. ಇಬ್ಬರೂ ಮುಂದಿನ ಸುತ್ತಿಗೆ ಆಗಲೇ ಹೋಗಿಯಾಗಿತ್ತು, ಕಳೆದುಕೊಳ್ಳುವುದು ಏನೂ ಇರಲಿಲ್ಲ.

ನಮ್ಮ ದೇಶಕ್ಕೂ ಇವಕ್ಕೂ ಏನಾದ್ರೂ ಸಂಬಂಧ ಇದೆಯಾ?

ಇದೆ, ಅದೂ ಮಜವಾದದ್ದು. ಜಾನ್ ಕೊಕ್ರೇನ್ ಅಂತ ಸ್ಕಾಟ್‌ಲೆಂಡಿನ ಬ್ಯಾರಿಸ್ಟರ್, ಹತ್ತೊಂಬತ್ತನೇ ಶತಮಾನದಲ್ಲಿ ಕಲ್ಕತ್ತೆಯಲ್ಲಿ ವಕೀಲಿ ಮಾಡುತ್ತಿದ್ದರು. ಅಲ್ಲಿ ಅವರಿಗೆ ಸಿಕ್ಕ ಜೋಡಿ ಮಹೇಶಚಂದ್ರ ಬ್ಯಾನರ್ಜಿ. ಇಬ್ಬರೂ ನೂರಾರು ಆಟ ಆಡಿದರು. ಇ4, ಇ5 ಆಗಿ ಎರಡೂ ಕಡೆ ರಾಜನ ಕಡೆಯ ಕುದುರೆ ಹೊರಬರುವ ಪೆಟ್ರಾಫ್ ಡಿಫೆನ್ಸ್‌ನಲ್ಲಿ ಬಿಳಿ ಕುದುರೆ ಇ5 ಹೊಡೆದು, ಕಪ್ಪು ಡಿ6 ಆಡಿ ಅದನ್ನು ಎಬ್ಬಿಸಿದಾಗ, ಎಲ್ಲರೂ ಹಿಂದೆ ಎಫ್3ಗೆ ಹೋಗುತ್ತಾರೆ. ಕೊಕ್ರೇನ್ ಮುಂದೆ ನುಗ್ಗಿ ಎಫ್7 ಹೊಡೆದರು. ಕುದುರೆ ಕೊಟ್ಟು ಎರಡು ಕಾಲಾಳು, ಜೊತೆಗೆ ಮನೆ ಬಿಟ್ಟು ಹೊರಬಂದ ರಾಜ. ಇದೇ ಕೊಕ್ರೇನ್ ಗ್ಯಾಂಬಿಟ್. 1999ರಲ್ಲಿ ಲಿನಾರೆಸ್‌ನಲ್ಲಿ ಟೊಪಲೋವ್ ಇದನ್ನು ಕ್ರಾಮ್ನಿಕ್ ಎದುರೇ ಆಡಿ ಡ್ರಾ ಮಾಡಿಕೊಂಡರು. ನನ್ನ ಪರೀಕ್ಷೆಯಲ್ಲಿ ಇದು ಮೊದಲ ದರ್ಜೆ.

ಬ್ಯಾನರ್ಜಿಯವರ ಕಥೆ ಇನ್ನೂ ಚೆಂದ. ಆಗಿನ ಭಾರತದ ಆಟದಲ್ಲಿ ಕಾಲಾಳಿಗೆ ಮೊದಲ ಸಲವೂ ಒಂದೇ ಹೆಜ್ಜೆ. ಆ ರೂಢಿಯವರಿಗೆ ಡಿ6, ಜಿ6 ಅಂತ ನಿಧಾನ ಹೆಜ್ಜೆ ಇಟ್ಟು ಒಂಟೆಯನ್ನು ಜಿ7ರಲ್ಲಿ ಕೂರಿಸುವುದು ಸಹಜ. ಯುರೋಪಿನವರಿಗೆ ಅದು ವಿಚಿತ್ರವಾಗಿ ಕಂಡಿತು. ‘ಇಂಡಿಯನ್ ಡಿಫೆನ್ಸ್’ ಅನ್ನುವ ಹೆಸರಿನ ಬೇರು ಇಂಥ ಆಟಗಳಲ್ಲೇ ಇದೆ. ಇವತ್ತು ಕಿಂಗ್ಸ್ ಇಂಡಿಯನ್ನನ್ನು ಯಾರೂ ಹುಚ್ಚು ಅನ್ನುವುದಿಲ್ಲ.

ನಮ್ಮ ಮನೇಲಿ ಹಿರಿಯರು ಹಳೇ ರೂಲ್ಸ್ ಆಡ್ತಾರೆ. ಅಲ್ಲಿ ಗ್ಯಾಂಬಿಟ್ ನಡೆಯುತ್ತಾ?

ನಡೆಯುವುದಿಲ್ಲ. ಕಾಲಾಳು ಒಂದೇ ಹೆಜ್ಜೆ ಇಡುವ ಕಡೆ ಎಫ್4 ತಲುಪಲು ಎರಡು ನಡೆ ಬೇಕು, ಅಷ್ಟರಲ್ಲಿ ಯಾರಿಗೂ ಅವಸರ ಉಳಿದಿರುವುದಿಲ್ಲ. ನಮ್ಮಜ್ಜನ ಆಟದಲ್ಲಿ ರಾಜನಿಗೆ ಒಂದು ಸಲ ಕುದುರೆ ನಡೆ ಹಾರುವ ಹಕ್ಕೂ ಇತ್ತು. ಆಡುವ ಮೊದಲೇ ರೂಲ್ಸ್ ಮಾತಾಡಿಕೊಳ್ಳಿ. “ತಾತ, ಇವತ್ತು ಇಂಟರ್‌ನ್ಯಾಷನಲ್ ರೂಲ್ಸಾ?” ಅಂತ ಕೇಳಿದರೆ ಸಾಕು. ಅಂಥ ಆಟದಲ್ಲಿ ಬೆಳೆದ ಮೀರ್ ಸುಲ್ತಾನ್ ಖಾನ್ ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಕಾಪಾಬ್ಲಾಂಕಾರನ್ನೂ ಸೋಲಿಸಿದರು. ಹಳೇ ರೂಲ್ಸ್ ಅಂತ ಹಗುರವಾಗಿ ನೋಡಬೇಡಿ.

ಹೀಗೆ ಆಡಿದರೆ ಎದುರಿನವರಿಗೆ ಅವಮಾನ ಆಗಲ್ವಾ?

ಓಪನಿಂಗ್‌ನಿಂದ ಆಗಲ್ಲ, ಮುಖದಿಂದ ಆಗುತ್ತದೆ. ಬೋನಿಗೆ ಬಿದ್ದಾಗ ಕಿಸಕ್ಕನೆ ನಗಬೇಡಿ. ಹೊಸಬರು ಬಿದ್ದರೆ ಎರಡು ನಡೆ ಹಿಂದಕ್ಕೆ ಇಟ್ಟು ‘ಇಲ್ಲಿಂದ ಆಡೋಣ’ ಅನ್ನಿ. ಬಾಂಗ್‌ಕ್ಲೌಡ್ ಮಾತ್ರ ಸಲಿಗೆ ಇರುವವರ ಜೊತೆಗೇ ಇರಲಿ. ಅಪರಿಚಿತ ಹಿರಿಯರ ಎದುರು ಎರಡನೇ ನಡೆಗೆ ರಾಜನನ್ನು ಎಬ್ಬಿಸಿದರೆ ‘ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ’ ಅಂದುಕೊಳ್ಳುತ್ತಾರೆ.

ರೇಟಿಂಗ್ ಬೀಳುತ್ತಲ್ಲ?

ಬೀಳುತ್ತದೆ. ಆನ್‌ಲೈನ್ ಚೆಸ್ ತಾಣಗಳಾದ ಲಿಚೆಸ್‌ನಲ್ಲಾಗಲಿ ಚೆಸ್ ಡಾಟ್ ಕಾಮ್‌ನಲ್ಲಾಗಲಿ ರೇಟಿಂಗ್ ಇಲ್ಲದ ಆಟ ಆಡಬಹುದು. ಸ್ನೇಹಿತರ ಜೊತೆಗಾದರೆ ಲಿಚೆಸ್‌ನಲ್ಲಿ ನೀವು ಇಟ್ಟ ಸ್ಥಿತಿಯಿಂದಲೇ ಆಟ ಶುರು ಮಾಡಬಹುದು. ನಾವು ಶುಕ್ರವಾರ ಒಂದು ಗ್ಯಾಂಬಿಟ್ ಆರಿಸಿ, ಇಬ್ಬರೂ ಸರದಿಯಂತೆ ಎರಡೂ ಬಣ್ಣ ಆಡುತ್ತೇವೆ. ಎದುರಿನ ಕುರ್ಚಿಯಲ್ಲಿ ಕೂತಾಗಲೇ ಅದರ ಬಂಡವಾಳ ಗೊತ್ತಾಗುವುದು.

ಎಷ್ಟು ನಿಮಿಷದ ಆಟ ಒಳ್ಳೆಯದು?

ಗೆಲ್ಲಬೇಕಾದರೆ ಮೂರು ನಿಮಿಷ. ಕಲಿಯಬೇಕಾದರೆ ಹತ್ತು. ಒಂದು ನಿಮಿಷದಲ್ಲಿ ಯಾವ ಓಪನಿಂಗ್ ಆದರೂ ಒಂದೇ, ಬೆರಳು ಓಡಬೇಕು ಅಷ್ಟೆ.

ಒಂದು ಓಪನಿಂಗನ್ನು ಎಷ್ಟು ದಿನ ಆಡಿ ನೋಡಬೇಕು?

ನಾನು ಇಪ್ಪತ್ತು ಆಟ ಕೊಡುತ್ತೇನೆ. ಪ್ರತಿ ಆಟ ಆದ ಮೇಲೆ ಡೈರಿಯಲ್ಲಿ ಒಂದೇ ಸಾಲು, ‘ಎಷ್ಟನೇ ನಡೆಗೆ ನನಗೆ ದಾರಿ ತಪ್ಪಿತು’ ಅಂತ. ಗೆದ್ದೆನೋ ಸೋತೆನೋ ಬರೆಯುವುದಿಲ್ಲ. ಲಾಟ್ವಿಯನ್‌ಗೆ ಇಪ್ಪತ್ತು ಸಾಲು ಬರೆದ ಮೇಲೆ ನೋಡಿದರೆ ಹದಿಮೂರರಲ್ಲಿ ‘5’ ಅಂತಿತ್ತು. ಬಿಟ್ಟೆ. ಕಂಪ್ಯೂಟರ್ ವಿಶ್ಲೇಷಣೆಯನ್ನು ನಾನೇ ಒಂದು ಸಲ ಯೋಚನೆ ಮಾಡಿದ ಮೇಲೆ ತೆರೆಯುತ್ತೇನೆ.

ಮಕ್ಕಳಿಗೆ ಹೇಳಿಕೊಡಬಹುದಾ?

ಕಿಂಗ್ಸ್ ಗ್ಯಾಂಬಿಟ್ ಧಾರಾಳವಾಗಿ ಹೇಳಿಕೊಡಿ. ಕಾಯಿ ಹೊರಗೆ ತರುವುದು, ದಾಳಿ ಮಾಡುವುದು ಎರಡೂ ಬರುತ್ತದೆ. ಎಂಟು ನಡೆಯ ಮೇಟ್‌ಗಳನ್ನು ಮೊದಲೇ ಕಲಿಸಬೇಡಿ. ನನ್ನ ಅಕ್ಕನ ಮಗ ಅದನ್ನೇ ಕಲಿತು, ಮೇಟ್ ಆಗದಿದ್ದರೆ ಒಂಬತ್ತನೇ ನಡೆಗೆ “ಮಾಮ, ಈಗೇನು ಮಾಡ್ಲಿ?” ಅಂತ ನನ್ನ ಮುಖ ನೋಡುತ್ತಿದ್ದ.

ನನ್ನ ಮೇಲೆ ಯಾರಾದ್ರೂ ಇಂಥದ್ದು ಆಡಿದ್ರೆ?

ಗಾಬರಿಯಾಗಬೇಡಿ. ಮೊದಲ ಕಾಲಾಳನ್ನು ತೆಗೆದುಕೊಳ್ಳಿ, ಎರಡನೆಯದಕ್ಕೆ ಕೈ ಚಾಚುವ ಮೊದಲು ರಾಜ ಎಲ್ಲಿದ್ದಾನೆ ನೋಡಿ. ಕುದುರೆ, ಒಂಟೆ ಹೊರಗೆ ತಂದು ಕ್ಯಾಸ್ಲಿಂಗ್ ಮಾಡಿ. ದಾಳಿ ಜೋರಾದರೆ ತೆಗೆದುಕೊಂಡ ಕಾಲಾಳನ್ನು ವಾಪಸ್ ಬಿಸಾಕಿ. ಗ್ಯಾಂಬಿಟ್ ಆಡುವ ನಮಗೆ ಎಲ್ಲಕ್ಕಿಂತ ಬೇಜಾರಾಗುವುದು ಅದೇ. ಕೊಟ್ಟ ಸಾಲ ಬಡ್ಡಿ ಇಲ್ಲದೆ ವಾಪಸ್ ಬಂದರೆ ಮುಂದೇನು ಅಂತ ನಮಗೇ ತೋಚುವುದಿಲ್ಲ.

ಇವತ್ತೇ ಒಂದು ಆಡಿ ನೋಡಬೇಕು. ಯಾವುದು?

ಬಿಳಿ ಸಿಕ್ಕರೆ ಇ4, ಅವರು ಇ5 ಅಂದರೆ ಎಫ್4. ಕಪ್ಪು ಸಿಕ್ಕು ಅವರು ಡಿ4, ಸಿ4 ಆಡಿದರೆ ಆಲ್ಬಿನ್. ಅವರು ಪೆಟ್ರಾಫ್ ಆಡುವವರಾದರೆ ಕುದುರೆಯನ್ನು ಎಫ್7ಕ್ಕೆ ಇಟ್ಟು, ಕಾಫಿ ತರೋಕೆ ಅಂತ ಎದ್ದು ಹೋಗಿ. ವಾಪಸ್ ಬರುವಾಗಲೂ ಅವರು ಅದನ್ನೇ ನೋಡುತ್ತಾ ಕೂತಿರುತ್ತಾರೆ.